ದಿಂಬಿಗೆ ತೊಡಿಸಿದ ನೈಟಿ

ಆರೂವರೆಗೆ ನೀರು ನಿಲ್ಲುವುದರೊಳಗೆ ಎರಡು ಡ್ರಮ್ ತುಂಬಬೇಕಿತ್ತು. ಸರಳಾ ಪೈಪನ್ನು ಎರಡನೆಯ ಡ್ರಮ್ಮಿಗೆ ಬದಲಿಸುತ್ತಿದ್ದಾಗ ಹಿಂದಿನಿಂದ ಏನೋ ನೆಲಕ್ಕೆ ಉಜ್ಜಿದ ಸದ್ದಾಯಿತು. ಅರ್ಧ ಗಂಟೆಯ ಹಿಂದೆ ಹಾಲು ಕುಡಿಸಿ ಮತ್ತೆ ಮಲಗಿಸಿದ್ದ ಮೂರು ವರ್ಷದ ಮಗಳು ದಿಶಾ ಬಾಗಿಲಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ದಿಂಬು, ಇನ್ನೊಂದರಲ್ಲಿ ಅದರಿಂದ ಸುಲಿದು ತೆಗೆದ ಅಮ್ಮನ ಹಳೆಯ ನೈಟಿ.

"ಹಾಳಾಯ್ತು," ಎಂದರು ಚಪಾತಿ ಬೇಯಿಸುತ್ತಿದ್ದ ಅತ್ತೆ ಲೋಲಾಕ್ಷಿ. "ಇನ್ನು ನಿನ್ನ ಏಳು ಐದರ ಲೋಕಲ್ ರೈಲು ಸಿಕ್ಕಿದ ಹಾಗೇ."

ದಿಂಬಿಗೆ ನೈಟಿ ತೊಡಿಸುವ ಉಪಾಯ ಅವರದೇ. ಸರಳಾ, ವಾಗ್ಳೆ ಎಸ್ಟೇಟ್ ಎಂಬ ಕೈಗಾರಿಕಾ ಪ್ರದೇಶದ ಕೆಲಸಕ್ಕೆ ಮರಳಿದ ಹೊಸದರಲ್ಲಿ ಮಗು ಅವಳ ದುಪಟ್ಟಾ ಹಿಡಿದು ಕಿರುಚುತ್ತಿತ್ತು. ಡೊಂಬಿವ್ಲಿಯ ಆ ಕಟ್ಟಡದ ಮೂರನೆಯ ಮಹಡಿಯವರೆಲ್ಲ ಬಾಗಿಲು ತೆರೆದು ನೋಡುತ್ತಿದ್ದರು. ಆಗ ಅತ್ತೆಯೇ ಹೇಳಿದ್ದರು,

"ಹೇಳಿ ಹೋಗುದು ಎಂತಕ್ಕೆ ಮಾರಾಯ್ತಿ? ಮಲಗಿಸು, ನಿನ್ನ ವಾಸನೆ ಇದ್ದದ್ದು ಎಂತಾದ್ರೂ ಪಕ್ಕದಲ್ಲಿಡು, ಮೆಲ್ಲ ಜಾರು. ನಾನು ಕಟ್ಟಿದ ಬೀಡಿ ಕೊಡ್ಲಿಕ್ಕೆ ಹೋಗುವಾಗ ನಿನ್ನ ಗಂಡನಿಗೂ ಇದನ್ನೇ ಮಾಡಿದ್ದು. ಸತ್ತು ಹೋದನಾ ಅವ?"

ಮೂರು ವಾರ ಸುಸೂತ್ರವಾಗಿ ನಡೆಯಿತು. ಆಮೇಲೆ ದಿಶಾ ನಿದ್ದೆಯನ್ನೇ ಬಿಟ್ಟಳು. ಮಧ್ಯಾಹ್ನ ಅಜ್ಜಿಯ ಮಡಿಲಲ್ಲಿ ತೂಕಡಿಸಿ ಬೆಚ್ಚಿ ಏಳುವಳು. ಸಂಜೆ ಅನ್ನದ ತಟ್ಟೆಯ ಮುಂದೆ ಕಣ್ಣು ಮುಚ್ಚಿಹೋದರೆ ತಾನೇ ಕೆನ್ನೆಗೆ ಹೊಡೆದುಕೊಳ್ಳುವಳು. ಅಜ್ಜಿ ಉಪ್ಪು ಮೆಣಸು ನಿವಾಳಿಸಿ ಗ್ಯಾಸಿನ ಉರಿಗೆ ಹಾಕಿದರು. ಗಂಡ ವಸಂತ ಟಿವಿಯ ಕೇಬಲ್ ತೆಗೆಸಿದ. ಮಕ್ಕಳ ಡಾಕ್ಟರು ಒಂದು ಹಾಳೆ ಕೊಟ್ಟರು. ದಿನವೂ ಒಂದೇ ಹೊತ್ತಿಗೆ ಸ್ನಾನ, ಸಣ್ಣ ದೀಪ, ಒಂದೇ ಹಾಡು, ಎಲ್ಲವನ್ನೂ ಬರೆದಿಡಬೇಕು.

ಸರಳಾ ಬರೆದಳು. ಕುಕ್ಕರಿನ ಎರಡು ಸೀಟಿಗಳ ನಡುವೆ, ಬಟ್ಟೆ ಹಿಂಡಿದ ಒದ್ದೆ ಕೈಯಲ್ಲಿ. ಎಷ್ಟಕ್ಕೆ ಮಲಗಿದಳು, ಎಷ್ಟಕ್ಕೆ ಎದ್ದಳು. ಕೊನೆಯ ಕಾಲಮ್ಮಿನಲ್ಲಿ, ಎದ್ದಾಗ ಪಕ್ಕದಲ್ಲಿ ಯಾರು ಎಂಬಲ್ಲಿ, ಮೊದಲ ದಿನ 'ಅಜ್ಜಿ' ಎಂದು ಬರೆದು, ಅದರ ಕೆಳಗೆ ಸಾಲು ಸಾಲಿಗೂ 'ಮೇಲಿನಂತೆ' ಎನ್ನುವ ಎರಡೆರಡು ಗೀಟು ಎಳೆಯುತ್ತ ಹೋಗಿದ್ದಳು.

"ಬಾ ಮಗಾ, ಇನ್ನೂ ಬೆಳಗಾಗ್ಲಿಲ್ಲ," ಎಂದು ಈಗ ಎತ್ತಿಕೊಂಡು ಹೋಗಿ ಹಾಸಿಗೆಯಲ್ಲಿ ಮಲಗಿಸಿದಳು. ಪರದೆ ಎಳೆದಳು. ಅದೇ ಹಾಡನ್ನು ಗುನುಗಿದಳು. ಈ ತಿಂಗಳು ಆಗಲೇ ಎರಡು ಲೇಟ್ ಮಾರ್ಕ್ ಬಿದ್ದಿತ್ತು. ಮೂರನೆಯದಾದರೆ ಮನೆಯಲ್ಲೇ ಇರಿ ಮೇಡಂ ಎಂದು ಸಾಹೇಬರು ನಗುತ್ತಲೇ ಹೇಳಿದ್ದರು. ಗಡಿಯಾರ ಕಂಡಾಗಲೆಲ್ಲ ಬೆನ್ನು ತಟ್ಟುವ ಕೈ ವೇಗವಾಗುತ್ತಿತ್ತು.

ದಿಶಾ ಎರಡು ಬೆರಳಿನಿಂದ ತನ್ನ ರೆಪ್ಪೆಗಳನ್ನು ಮೇಲಕ್ಕೆ ಎತ್ತಿ ಹಿಡಿದುಕೊಂಡಳು. ಸರಳಾ ಬೆರಳು ಬಿಡಿಸಿದಳು. ಮಗು ಮತ್ತೆ ಹಿಡಿದುಕೊಂಡಿತು. ಕಣ್ಣಿನ ಒಳಗಿನ ಕೆಂಪು ಕಾಣುತ್ತಿತ್ತು.

"ಮಲಗಿತಾ?" ಅಡುಗೆಮನೆಯಿಂದ ಅತ್ತೆ ಕೇಳಿದರು. "ಇಲ್ಲದಿದ್ರೆ ನಾನು ಹಿಡ್ಕೊಳ್ತೆ, ನೀನು ಹೊರಡು. ಕೂಗಿದ್ರೆ ಕೂಗ್ಲಿ."

"ಐದು ನಿಮಿಷ ಅತ್ತೆ."

ಹೊರಗೆ ಡ್ರಮ್ ತುಂಬಿ ನೀರು ನೆಲಕ್ಕೆ ಸುರಿಯತೊಡಗಿತ್ತು. ಸರಳಾ ನೈಟಿಯನ್ನು ಕೈಗೆತ್ತಿಕೊಂಡಳು. ಕೆಳಗಿನಿಂದ ದಿಂಬನ್ನು ತೂರಿಸಿ, ಅಂಚನ್ನು ಮಡಚಿ ಗಂಟು ಹಾಕಿ, ತೋಳುಗಳೆರಡನ್ನೂ ಮಗುವಿನ ಕಡೆಗೆ ಚಾಚಿಟ್ಟಳು. ಪ್ರತಿದಿನದ ಹಾಗೆಯೇ. ಎಲ್ಲ ಮುಗಿದ ಮೇಲೆ ಗೊತ್ತಾಯಿತು, ಇವತ್ತು ಮಗು ಎಚ್ಚರವಿದೆ, ಮೊದಲಿನಿಂದ ಕೊನೆಯ ತನಕ ನೋಡುತ್ತಿದೆ.

ದಿಶಾ ಅಳಲಿಲ್ಲ. ದಿಂಬಿನ ಖಾಲಿ ತೋಳನ್ನು ಪಕ್ಕಕ್ಕೆ ಸರಿಸಿ, ಅಮ್ಮನ ಒದ್ದೆ ಕೈಬೆರಳನ್ನು ಹಿಡಿದುಕೊಂಡಳು.

"ಅಮ್ಮಾ, ನಾನು ಮಲಗದಿದ್ರೆ ನೀನು ಹೋಗುದಿಲ್ಲ ಅಲ್ವಾ?"