ಬ್ರೆಡ್ಡಿನ ಅಮ್ಮ

ಆ ಶಿಶುವಿಹಾರದ ಗೇಟಿನ ಮೇಲೆ ಬರೆಸಿದ್ದು ಒಂದೇ ಸಾಲು: ‘ಇಲ್ಲಿ ತಟ್ಟೆಗಳು ಖಾಲಿಯಾಗುತ್ತವೆ.’ ಅಕ್ಷರ ಕಲಿಸುತ್ತೇವೆ, ಶಿಸ್ತು ಕಲಿಸುತ್ತೇವೆ ಎಂದು ಬೇರೆಯವರು ಬರೆಸಿಕೊಳ್ಳಲಿ. ಅದನ್ನು ನಡೆಸುತ್ತಿದ್ದ ದೊಡ್ಡ ಮಿಸ್ಸಿಗೆ ತಾಯಂದಿರ ನಾಡಿ ಗೊತ್ತಿತ್ತು. ತುತ್ತು ಹಿಡಿದುಕೊಂಡು ಮಗುವಿನ ಹಿಂದೆ ಮನೆಯೆಲ್ಲ ಓಡಿ ಸೋತ ಹೆಂಗಸು ಆ ಸಾಲು ಓದಿದರೆ ಸಾಕು, ಒಳಗೆ ಬಂದು ಕುರ್ಚಿ ಎಳೆದುಕೊಂಡು ಕೂರುತ್ತಿದ್ದಳು.

ತಟ್ಟೆ ಖಾಲಿ ಮಾಡಿಸುವ ಕೆಲಸಕ್ಕೆ ಆ ವರ್ಷ ಇಬ್ಬರು ಹುಡುಗಿಯರನ್ನು ತಾತ್ಕಾಲಿಕವಾಗಿ ಸೇರಿಸಿಕೊಂಡಿದ್ದರು. ಒಬ್ಬಳು ಗಿಲಕಿ ಆಡಿಸುತ್ತ ಹಾಡಿ ತಿನ್ನಿಸುತ್ತಿದ್ದಳು. ಅವಳು ಹಾಡೋ ಮಿಸ್. ಇನ್ನೊಬ್ಬಳಿಗೆ ರಾಗ ಬರುತ್ತಿರಲಿಲ್ಲ, ಕೈ ಚುರುಕಾಗಿತ್ತು. ಸೌತೆಕಾಯಿ ಕೊಟ್ಟರೆ ಮೊಸಳೆ ಮಾಡುತ್ತಿದ್ದಳು, ಬೇಯಿಸಿದ ಮೊಟ್ಟೆ ಕೊಟ್ಟರೆ ಇಲಿ. ಕ್ಯಾರೆಟ್ ಕಂಡರೆ ಉಗಿಯುತ್ತಿದ್ದ ಮಕ್ಕಳು ಅದೇ ಕ್ಯಾರೆಟ್ಟು ಮೊಸಳೆಯ ನಾಲಿಗೆಯಾದಾಗ ಜಗಳವಾಡಿ ತಿಂದವು. ಮಕ್ಕಳು ಅವಳಿಗೆ ತಟ್ಟೆ ಮಿಸ್ ಎಂದು ಹೆಸರಿಟ್ಟವು.

ಇಬ್ಬರಲ್ಲಿ ಒಬ್ಬಳನ್ನು ಮಾತ್ರ ಉಳಿಸಿಕೊಳ್ಳುವುದು ಎಂದು ಮೊದಲೇ ಮಾತಾಗಿತ್ತು. ತಟ್ಟೆ ಮಿಸ್ಸಿಗೆ ಈ ಕೆಲಸ ತಪ್ಪಿದರೆ ಅಣ್ಣನ ಮನೆಯೇ ಗತಿ. ಅಲ್ಲಿ ಅವಳ ಮಡಚುವ ಮಂಚ ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಯಲ್ಲಿತ್ತು. ಬೆಳಿಗ್ಗೆ ಬಚ್ಚಲಿಗೆ ಹೋಗುವವರೆಲ್ಲ ಅದರ ಕಾಲಿಗೆ ಎಡವಿ ಅವಳನ್ನು ಬೈದುಕೊಂಡೇ ಹೋಗುತ್ತಿದ್ದರು.

“ಮೊಟ್ಟೆಗೆ ಮೀಸೆ ಅಂಟಿಸೋದಕ್ಕೂ ಕೆಲಸ ಅಂತಾರಾ?” ಎಂದು ಅತ್ತಿಗೆ ಕೇಳುತ್ತಿದ್ದಳು. “ನಮ್ಮ ಕಾಲದಲ್ಲಿ ಅದಕ್ಕೆ ತಿಂಡಿ ಜೊತೆ ಚೆಲ್ಲಾಟ ಅಂತಿದ್ರು.”

ಅಣ್ಣ ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ.

ಮಕ್ಕಳ ಪೈಕಿ ಈ ಇಬ್ಬರು ಮಿಸ್ಸುಗಳಿಗೂ ಸೊಪ್ಪು ಹಾಕದವನು ಒಬ್ಬನೇ, ಬಟನ್. ನಾಲ್ಕು ವರ್ಷದ ಹುಡುಗ. ಅಂಗಿಯ ಮೇಲಿನ ಬಟನ್ನು ಸದಾ ಅವನ ಬಾಯಲ್ಲಿರುತ್ತಿದ್ದುದರಿಂದ ಆ ಹೆಸರು. ಊಟದ ಹೊತ್ತಿಗೆ ಅದನ್ನೇ ಚೀಪುತ್ತ ಕೂರುತ್ತಿದ್ದ. ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಅವನ ತಾಯಿ ಸತ್ತು ಕೆಲವು ತಿಂಗಳಾಗಿತ್ತು ಎಂಬುದಷ್ಟೇ ಶಾಲೆಗೆ ಗೊತ್ತು. ಅಪ್ಪ ಲಿಫ್ಟ್ ರಿಪೇರಿಯವನು. ಉಗುರಿನಲ್ಲಿ ಗ್ರೀಸು ತುಂಬಿಕೊಂಡೇ ಮಗನನ್ನು ಬಿಟ್ಟು ಹೋಗುತ್ತಿದ್ದ, ಹಾಗೇ ಬಂದು ಕರೆದುಕೊಂಡು ಹೋಗುತ್ತಿದ್ದ. ಅಮ್ಮ ಹೋದಳು ಎಂದು ಹುಡುಗನಿಗೆ ಎಲ್ಲರೂ ಹೇಳಿದ್ದರು. ಎಲ್ಲಿಗೆ ಎಂದು ಕೇಳಿದಾಗ ಒಬ್ಬೊಬ್ಬರು ಒಂದೊಂದು ಕಡೆ ಕೈ ತೋರಿಸಿದ್ದರು.

ತಂದೆತಾಯಂದಿರು ಬಂದು ನೋಡುವ ದಿನ ಹತ್ತಿರವಾದಾಗ ದೊಡ್ಡ ಮಿಸ್ ತಟ್ಟೆ ಮಿಸ್ಸನ್ನು ಕರೆದರು.

“ನೋಡಮ್ಮ, ಉಳಿದ ಮಕ್ಕಳು ತಿಂತವೆ, ಅದು ನನಗೆ ಗೊತ್ತಿರೋದೇ. ಬಟನ್ ತಟ್ಟೆ ಖಾಲಿಯಾದ್ರೆ ಕೆಲಸ ನಿಂದು. ಬಂದವರ ಮುಂದೆ ಅವನ ತಟ್ಟೆ ಹಾಗೇ ಉಳೀತು ಅಂದ್ರೆ ಹಾಡೋಳು ಇರ್ತಾಳೆ. ಆಮೇಲೆ ಕಣ್ಣೀರು ಹಾಕ್ಕೊಂಡು ಬರಬೇಡ.”

ಆ ದಿನ ಬಂತು. ಹಿರಿಯರು ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಮಂಡಿ ಗಲ್ಲಕ್ಕೆ ತಾಗಿಸಿಕೊಂಡು ಗೋಡೆ ಉದ್ದಕ್ಕೂ ಕೂತರು. ಬಟನ್‌ನ ಅಪ್ಪ ಬಂದಿರಲಿಲ್ಲ, ಎಲ್ಲೋ ಲಿಫ್ಟು ನಿಂತುಹೋಗಿತ್ತು. ಮೇಜಿನ ಮೇಲೆ ಬ್ರೆಡ್ಡು, ಬೆಣ್ಣೆ, ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿದ ಸೌತೆಕಾಯಿ, ತುರಿದ ಕ್ಯಾರೆಟ್, ದಾಳಿಂಬೆ ಕಾಳು, ಒಣದ್ರಾಕ್ಷಿ. ಮಕ್ಕಳಿಗೆ ಹೇಳಿದ್ದು ಇಷ್ಟೇ: ಮನೆಯಲ್ಲಿ ನಿಮಗೆ ಯಾರು ಇಷ್ಟವೋ ಅವರ ಮುಖ ಮಾಡಿ, ಮಾಡಿದ್ದನ್ನು ತಿನ್ನಿ. ತಮ್ಮ ಮುಖ ನೋಡಿ ಹಿರಿಯರು ಹಿಗ್ಗುತ್ತಾರೆ ಎಂದು ಲೆಕ್ಕ ಹಾಕಿ ತಟ್ಟೆ ಮಿಸ್ಸೇ ಇದನ್ನು ಆರಿಸಿದ್ದಳು. ಬಟನ್‌ನ ಬಗ್ಗೆ ಅವಳು ಯೋಚಿಸಿರಲಿಲ್ಲವೆಂದಲ್ಲ. ಅವನು ಅಪ್ಪನನ್ನು ಮಾಡುತ್ತಾನೆ ಎಂದುಕೊಂಡಿದ್ದಳು.

“ಮಿಸ್, ನಮ್ಮಪ್ಪಂದು ಮೂಗು ಇನ್ನೂ ದಪ್ಪ. ಇದು ಸಾಲಲ್ಲ.”

“ನಮ್ಮಜ್ಜಿಗೆ ಹಲ್ಲಿಲ್ಲ ಮಿಸ್, ಬಾಯಿ ಹಾಗೇ ಬಿಡ್ತೀನಿ.”

“ಮೂಗು ಕೊನೇಲಿ ತಿನ್ನೋ ಮಾರಾಯ,” ಎಂದು ಗೋಡೆಯ ಕಡೆಯಿಂದ ಆ ದಪ್ಪ ಮೂಗಿನ ಅಪ್ಪ ಕೂಗಿದ. “ಅಲ್ಲೀವರೆಗೂ ಉಸಿರಾಡ್ಕೋತೀನಿ.”

ಕೋಣೆಯೆಲ್ಲ ನಕ್ಕಿತು. ದೊಡ್ಡ ಮಿಸ್ಸೂ ನಕ್ಕರು. ತಟ್ಟೆ ಮಿಸ್ಸಿಗೆ ಮೊದಲ ಬಾರಿಗೆ ಉಸಿರು ಸಲೀಸಾಯಿತು.

ಬಟನ್ ತಲೆ ಬಗ್ಗಿಸಿ ಕೆಲಸ ಮಾಡುತ್ತಿದ್ದ. ಲೋಟದ ಬಾಯಿ ಒತ್ತಿ ಬ್ರೆಡ್ಡನ್ನು ಗುಂಡಗೆ ಕತ್ತರಿಸಿಕೊಂಡಿದ್ದ. ಬೆಣ್ಣೆಯನ್ನು ಅಂಚಿನವರೆಗೂ ಸವರಿದ್ದ. ಸೌತೆಕಾಯಿಯ ಕಣ್ಣು, ದಾಳಿಂಬೆಯ ತುಟಿ, ಗಲ್ಲದ ಎಡಕ್ಕೆ ಮಚ್ಚೆಯಾಗಿ ಒಂದು ಒಣದ್ರಾಕ್ಷಿ. ಬಟನ್ನು ಬಾಯಿಂದ ಜಾರಿ ಅಂಗಿಯ ಮೇಲೆ ಒದ್ದೆಯಾಗಿ ನೇತಾಡುತ್ತಿತ್ತು. ಅವನು ಅದನ್ನು ಮರೆತೇಬಿಟ್ಟಿದ್ದ.

ತಟ್ಟೆ ಮಿಸ್ ಮೇಲಿನಿಂದ ನೋಡಿದಳು. ಹುಬ್ಬಿಲ್ಲ, ಕೂದಲಿಲ್ಲ, ಅರ್ಧಂಬರ್ಧ ಮುಖ. ದೊಡ್ಡ ಮಿಸ್ ಆ ಕಡೆಗೇ ಬರುತ್ತಿದ್ದರು. ಅವಳು ಹಿಡಿ ಕ್ಯಾರೆಟ್ ತುರಿ ತೆಗೆದು ಆ ಮುಖದ ನೆತ್ತಿಗೆ ಸುರಿದಳು.

“ಕೂದಲು ಮರೆತೆಯಲ್ಲೋ.”

ಹುಡುಗ ಒಂದೊಂದೇ ಎಳೆಯನ್ನು ಉಗುರಿನಿಂದ ಎತ್ತಿ ತಟ್ಟೆಯಾಚೆ ಇಟ್ಟ. ಅವಳು ಮತ್ತೆ ಸುರಿದಳು.

“ಯಾರೋ ಇದು? ಅಮ್ಮನಾ? ಬೋಳು ಅಮ್ಮ ಎಲ್ಲಾದ್ರೂ ಇರ್ತಾಳೇನೋ?”

ಗೋಡೆಯ ಕಡೆಯಿಂದ ಒಂದಿಬ್ಬರು ನಕ್ಕರು. ಹುಡುಗ ಮತ್ತೆ ಎಳೆ ಎತ್ತತೊಡಗಿದ. ಪಕ್ಕದಲ್ಲಿದ್ದ ಎರಡು ಜಡೆಯ ಹುಡುಗಿ ತನ್ನ ಅಜ್ಜಿಗೆ ಕಿವಿ ಅಂಟಿಸುತ್ತಲೇ ಹೇಳಿದಳು:

“ಅವರಮ್ಮಂಗೆ ಕೂದಲು ಇರ್ಲಿಲ್ಲ ಮಿಸ್. ಆಸ್ಪತ್ರೇಲಿ ಎಲ್ಲ ಉದುರೋಯ್ತು. ನಮ್ಮ ಎದುರು ಮನೆ ಮಹಡೀಲಿ ಕೂತ್ಕೊಂಡಿರೋರು, ಟೋಪಿ ಹಾಕ್ಕೊಂಡು. ನಾನು ನೋಡಿದೀನಿ.”

ನಗು ನಿಂತಿತು. ತಟ್ಟೆ ಮಿಸ್ಸಿನ ಕೈಯಲ್ಲಿ ಇನ್ನೊಂದು ಹಿಡಿ ತುರಿ ಹಾಗೇ ಉಳಿಯಿತು. ಅವಳಿಗೆ ಮುಖ ಬಿಸಿಯಾಯಿತು. ಅದು ಹುಡುಗನಿಗಾಗಿ ಅಲ್ಲ ಎಂಬುದು ಅವಳಿಗೇ ಗೊತ್ತಿತ್ತು. ದೊಡ್ಡ ಮಿಸ್ ನೋಡಿಬಿಟ್ಟರಲ್ಲ ಎಂಬುದಷ್ಟೇ.

ದೊಡ್ಡ ಮಿಸ್ ಕೈ ತಟ್ಟಿದರು. “ಸರಿ ಮಕ್ಕಳೇ, ಈಗ ತಟ್ಟೆ ಖಾಲಿಯಾಗಲಿ.”

“ನಾನು ಅಪ್ಪನ ಕಣ್ಣು ತಿಂದೆ.”

“ನಾನು ಅಜ್ಜಿ ಕಿವಿ. ಇನ್ಮೇಲೆ ಅವ್ರಿಗೆ ಏನೂ ಕೇಳಲ್ಲ.”

ಹಿರಿಯರು ಫೋನು ಹಿಡಿದು ವಿಡಿಯೊ ತೆಗೆದುಕೊಂಡರು. ತಟ್ಟೆಗಳು ಒಂದೊಂದಾಗಿ ಖಾಲಿಯಾದವು. ಬಟನ್ ಮಾತ್ರ ಎರಡೂ ತೋಳಿನಿಂದ ತನ್ನ ತಟ್ಟೆಯನ್ನು ಬಳಸಿ, ಗಲ್ಲ ಊರಿ ಕೂತಿದ್ದ. ಎಲ್ಲರ ಕಣ್ಣು ನಿಧಾನವಾಗಿ ಅಲ್ಲಿಗೆ ಬಂದು ನಿಂತಿತು. ಹಾಡೋ ಮಿಸ್ ಗಿಲಕಿ ಕೈಗೆತ್ತಿಕೊಂಡಳು.

ತಟ್ಟೆ ಮಿಸ್ ಬೇಗ ಮಂಡಿಯೂರಿ ಕೂತು ಅವನ ಕಿವಿಗೆ ಬಾಯಿ ಇಟ್ಟಳು. ದೂರದಿಂದ ನೋಡುವವರಿಗೆ ಮುದ್ದು ಮಾಡುತ್ತಿದ್ದಾಳೆ ಎನ್ನಿಸಬೇಕು, ಹಾಗೆ.

“ಇಲ್ಲೇ ಬಿಟ್ರೆ ಅಮ್ಮಂಗೆ ಇರುವೆ ಮುತ್ಕೊಳ್ಳುತ್ತೆ. ಆಮೇಲೆ ಅಡುಗೆ ಅಕ್ಕ ಬಂದು ಕಸದ ಡಬ್ಬಿಗೆ ಹಾಕ್ತಾಳೆ. ನೀನು ತಿಂದ್ರೆ ನಿನ್ನ ಹೊಟ್ಟೇಲಿ ಇರ್ತಾಳೆ.”

ಹುಡುಗ ತಲೆ ಎತ್ತಿದ. “ಹೊಟ್ಟೇಲಾ?”

“ಹೂಂ.”

“ಯಾವಾಗ್ಲೂನಾ?”

“ಯಾವಾಗ್ಲೂ. ಯಾರೂ ಕರ್ಕೊಂಡು ಹೋಗೋಕಾಗಲ್ಲ.”

“ನೋವಾಗುತ್ತಾ ಅವಳಿಗೆ?”

“ಮೆಲ್ಲಗೆ ತಿಂದ್ರೆ ಆಗಲ್ಲ.”

ಅಮ್ಮ ಎಲ್ಲಿದ್ದಾಳೆ ಎಂದು ಅವನಿಗೆ ಯಾರೋ ಮೊದಲ ಬಾರಿಗೆ ಸರಿಯಾದ ವಿಳಾಸ ಕೊಟ್ಟಿದ್ದರು. ಅವನು ತಿಂದ. ಗಲ್ಲದಿಂದ ಶುರುಮಾಡಿ, ಇಲಿ ಕಡಿದಷ್ಟೇ ಕಡಿದು, ಕಣ್ಣುಗಳನ್ನು ಕೊನೆಗಿಟ್ಟು ತಿಂದ. ತಿಂದಾದ ಮೇಲೆ ಬೆರಳು ಒದ್ದೆ ಮಾಡಿಕೊಂಡು ತಟ್ಟೆಯಲ್ಲಿದ್ದ ಪುಡಿಯನ್ನೆಲ್ಲ ಒತ್ತಿ ಒತ್ತಿ ನೆಕ್ಕಿದ. ಒಂದು ಚೂರೂ ಹಿಂದೆ ಉಳಿಯಬಾರದಲ್ಲ. ಹಿರಿಯರು ಚಪ್ಪಾಳೆ ತಟ್ಟಿದರು. ಒಬ್ಬ ತಾಯಿ ಕಣ್ಣೊರೆಸಿಕೊಂಡಳು.

ಸಂಜೆ ಹಾಡೋ ಮಿಸ್ ಗಿಲಕಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತ, “ನೀನು ಅವನ ಕಿವೀಲಿ ಹೇಳಿದ್ದು ನಂಗೂ ಕೇಳಿಸ್ತು ಕಣೆ,” ಎಂದಳು. “ಆ ಮಾತು ನಂಗೂ ಹೊಳೀತಿತ್ತೇನೋ. ಆದ್ರೆ ಹೇಳೋಕೆ ಬಾಯಿ ಬರ್ತಿರ್ಲಿಲ್ಲ.”

“ಅದಕ್ಕೇ ನೀನು ಹೋಗ್ತಿದೀಯ,” ಎಂದಳು ತಟ್ಟೆ ಮಿಸ್.

ಮನೆಯಲ್ಲಿ ಕೆಲಸ ಕಾಯಂ ಆದ ಸುದ್ದಿ ಹೇಳಿದಾಗ ಅತ್ತಿಗೆ ಟೀಗೆ ಒಂದು ಚಮಚ ಸಕ್ಕರೆ ಜಾಸ್ತಿ ಹಾಕಿ ಕೊಟ್ಟಳು. “ಒಳ್ಳೇದಾಯ್ತಮ್ಮ. ಇನ್ನು ನಿನಗೇ ಅಂತ ಒಂದು ರೂಮು ನೋಡ್ಕೋಬಹುದು.”

ಮರುದಿನದಿಂದ ಬಟನ್ ಕಕ್ಕಸಿಗೆ ಹೋಗುವುದನ್ನು ನಿಲ್ಲಿಸಿದ.

ಮೊದಲು ಗಮನಿಸಿದ್ದು ಅಡುಗೆ ಅಕ್ಕ. ಮಕ್ಕಳನ್ನು ಸಾಲು ನಿಲ್ಲಿಸಿ ಕರೆದೊಯ್ಯುವ ಕೆಲಸ ಅವಳದೇ. ಬಟನ್ ಮೂಲೆಯಲ್ಲಿ ಕಾಲಿಗೆ ಕಾಲು ಹೆಣೆದು, ಮುಖ ಕೆಂಪಗೆ ಮಾಡಿಕೊಂಡು, ಬೆವರುತ್ತ ನಿಲ್ಲುತ್ತಿದ್ದ.

“ಬಂದಿದೆ ಅವನಿಗೆ. ಹಟ ಹಿಡಿದು ಬಿಗಿ ಹಿಡ್ಕೊಂಡಿದಾನೆ. ನೀವೇ ಒಂದು ಮಾತು ಕೇಳಿ, ನಿಮ್ಮ ಮಾತು ಕೇಳ್ತಾನಲ್ಲ.”

ತಟ್ಟೆ ಮಿಸ್ ಕೇಳಿದಳು. ಹುಡುಗ ಸುತ್ತ ನೋಡಿ, ಇಬ್ಬರಿಗಷ್ಟೇ ಗೊತ್ತಿರುವ ಗುಟ್ಟಿನಂತೆ ಹೇಳಿದ: “ಬಿದ್ದು ಹೋಗ್ತಾಳೆ.”

ಅದು ಬರೀ ಬ್ರೆಡ್ಡು ಕಣೋ, ನಾನು ಸುಳ್ಳು ಹೇಳಿದೆ ಎನ್ನಬಹುದಿತ್ತು. ಹಾಗೆಂದರೆ ಹುಡುಗ ಮನೆಗೆ ಹೋಗಿ ಹೇಳುತ್ತಾನೆ. ಅಪ್ಪ ಬರುತ್ತಾನೆ. ಕೆಲಸ ಕಾಯಂ ಆಗಿ ಇನ್ನೂ ವಾರವೂ ಕಳೆದಿಲ್ಲ.

“ಸುಮ್ನೆ ಹೋಗಿ ಬಾ,” ಎಂದಳು. “ದೊಡ್ಡ ಹುಡುಗ ಅಲ್ವಾ ನೀನು.”

ಅವನು ಹೋಗಲಿಲ್ಲ. ಆಮೇಲೆ ಶಾಲೆಗೇ ಬರಲಿಲ್ಲ.

ಬಂದವನು ಅಪ್ಪ. ಕೆಲಸದ ಬಟ್ಟೆಯಲ್ಲೇ ಪುಟ್ಟ ಕುರ್ಚಿಯ ಅಂಚಿಗೆ ಕೂತ. ದೊಡ್ಡ ಮಿಸ್ ಬಾಗಿಲಲ್ಲಿ ನಿಂತಿದ್ದರು.

“ಹೊಟ್ಟೆ ಕಲ್ಲಿನ ಥರ ಆಗ್ಬಿಟ್ಟಿತ್ತು ಮೇಡಮ್. ಡಾಕ್ಟ್ರು ಕೆಳಗಿಂದ ನೀರು ಬಿಟ್ಟು ತೆಗೆದ್ರು. ನರ್ಸುಗಳು, ನಾನು, ಎಲ್ಲ ಸೇರಿ ಹಿಡ್ಕೋಬೇಕಾಯ್ತು. ಅಮ್ಮನ್ನ ತೆಗೀಬೇಡಿ, ಅಮ್ಮನ್ನ ತೆಗೀಬೇಡಿ ಅಂತ ಒಂದೇ ಸಮನೆ ಕಿರುಚ್ತಿದ್ದ. ಅದನ್ನ ಕಕ್ಕಸಿಗೆ ಹಾಕಿ ಫ್ಲಶ್ ಮಾಡಿದಾಗ ನನ್ನ ಕೈ ಕಚ್ಚಿಬಿಟ್ಟ.” ಅಂಗೈ ತಿರುಗಿಸಿ ತೋರಿಸಿದ. ಗ್ರೀಸಿನ ಗೆರೆಗಳ ನಡುವೆ ಪುಟ್ಟ ಹಲ್ಲುಗಳ ಅರ್ಧಚಂದ್ರ. “ಯಾಕೆ ಹಾಗಂದೆ ಅಂತ ಕೇಳಿದ್ರೆ ಬಾಯೇ ಬಿಡ್ತಿಲ್ಲ. ನಿಮಗೇನಾದ್ರೂ ಗೊತ್ತಾ?”

ತಟ್ಟೆ ಮಿಸ್ ಆ ಗುರುತನ್ನೇ ನೋಡಿದಳು.

“ಮಕ್ಕಳು ಏನೇನೋ ಕಲ್ಪಿಸ್ಕೋತಾರೆ ಸಾರ್. ತಾಯಿ ಇಲ್ಲದ ಮಗು ಬೇರೆ.”

“ಅದೂ ನಿಜವೇ.” ಅವನು ಎದ್ದು ಕುರ್ಚಿಯನ್ನು ಸಾಲಿಗೆ ಸರಿಸಿಟ್ಟ. “ಏನೇ ಆಗ್ಲಿ, ನಿಮ್ಮ ಕೈಲಿ ಊಟ ಮಾಡಿದ್ನಂತಲ್ಲ. ಮನೇಲಿ ನನ್ನ ಕೈಲಿ ಅದೂ ಇಲ್ಲ. ನಿಮ್ಮ ಉಪಕಾರ ಮರೆಯಲ್ಲ.”

ಬಟನ್ ವಾಪಸು ಬಂದಾಗ ಕಾಲರು ಅವನ ಕುತ್ತಿಗೆಗೆ ದೊಡ್ಡದಾಗಿತ್ತು. ಬಟನ್ನು ಚೀಪುವುದನ್ನು ಬಿಟ್ಟಿದ್ದ. ಬ್ರೆಡ್ಡಿನ ರೈಲು ಕೊಟ್ಟರೂ, ಮೊಟ್ಟೆಯ ಇಲಿ ಕೊಟ್ಟರೂ ಅವಳು ಒಂದು ಸುತ್ತು ಬರುವಷ್ಟರಲ್ಲಿ ಅವನ ತಟ್ಟೆ ಖಾಲಿ. ಹೊಸದಾಗಿ ಸೇರಿಸಲು ಬಂದ ತಾಯಂದಿರನ್ನು ದೊಡ್ಡ ಮಿಸ್ ನೇರ ಅವನ ಮುಂದೆಯೇ ನಿಲ್ಲಿಸುತ್ತಿದ್ದರು. “ಇವನು ಬಂದಾಗ ಅಂಗಿ ಗುಂಡಿ ತಿಂತಿದ್ದ. ಈಗ ನೋಡಿ.” ಹೋಗುವಾಗ ತಟ್ಟೆ ಮಿಸ್ಸಿನ ಬೆನ್ನು ತಟ್ಟುತ್ತಿದ್ದರು. ಅವಳು ಅಷ್ಟರಲ್ಲಿ ರೂಮು ಹಿಡಿದಿದ್ದಳು. ಕಿಟಕಿಯಿರುವ ರೂಮು. ಮಂಚಕ್ಕೆ ಯಾರೂ ಎಡವುತ್ತಿರಲಿಲ್ಲ.

ಕೈತೊಳೆಯುವ ಕಟ್ಟೆಯ ನೀರು ಮಾತ್ರ ಪದೇ ಪದೇ ಕಟ್ಟಿಕೊಳ್ಳತೊಡಗಿತು. “ಯಾವ ಕಳ್ಳ ಇದರೊಳಗೆ ಬ್ರೆಡ್ಡು ತುರುಕ್ತಾನೋ,” ಎಂದು ಅಡುಗೆ ಅಕ್ಕ ಕಡ್ಡಿ ಹಾಕಿ ಕೆದಕುತ್ತ ಗೊಣಗುತ್ತಿದ್ದಳು. “ಸಿಕ್ಕಿದ್ರೆ ಕೈ ಮುರೀತೀನಿ.”

ಒಂದು ಮಧ್ಯಾಹ್ನ ತಟ್ಟೆ ಮಿಸ್ ಕಟ್ಟೆಯ ಹತ್ತಿರ ಹೋದಾಗ ಬಟನ್ ಒಬ್ಬನೇ ಇದ್ದ. ತುದಿಗಾಲಲ್ಲಿ ನಿಂತು, ಚಡ್ಡಿ ಜೇಬಿನಿಂದ ಅಂದಿನ ರೈಲನ್ನು ತೆಗೆದು, ಹರಿದು ಹರಿದು, ನೀರು ಹೋಗುವ ತೂತಿಗೆ ಬೆರಳಿನಿಂದ ಇಳಿಸುತ್ತಿದ್ದ. ಸೌತೆಕಾಯಿಯ ಗಾಲಿಗಳನ್ನೂ ಇಳಿಸಿದ. ಆಮೇಲೆ ಬಗ್ಗಿ ತೂತಿಗೆ ಕಿವಿ ಕೊಟ್ಟ.

ಅವಳನ್ನು ಕಂಡು ಅವನು ಬೆದರಲಿಲ್ಲ. ವಿಷಯ ಗೊತ್ತಿರುವವಳು ಅವಳೊಬ್ಬಳೇ ತಾನೆ.

“ಮಿಸ್, ಇಲ್ಲಿಂದ ಹಾಕಿದ್ರೆ ಅಮ್ಮಂಗೆ ಸಿಗುತ್ತಾ?”

ಇಷ್ಟು ದಿನ ಖಾಲಿಯಾದ ತಟ್ಟೆಗಳೆಲ್ಲ ಅವಳ ಕಣ್ಣ ಮುಂದೆ ಸಾಲಾಗಿ ಬಂದವು. ಹುಡುಗನ ಮಣಿಕಟ್ಟು ಅಡುಗೆ ಅಕ್ಕನ ಕಡ್ಡಿಯಷ್ಟೇ ಇತ್ತು. ವರಾಂಡದ ತುದಿಯಿಂದ ದೊಡ್ಡ ಮಿಸ್ ಯಾರಿಗೋ ಶಾಲೆ ತೋರಿಸುತ್ತ ಬರುವ ಸದ್ದು ಕೇಳಿಸಿತು.

ಅವಳು ನಲ್ಲಿಯನ್ನು ಪೂರ್ತಿ ತಿರುಗಿಸಿದಳು.

“ಸಿಗುತ್ತೆ,” ಎಂದಳು. “ಬೇಗ ಬೇಗ ಹಾಕು.”