ಬೆನ್ನ ಹಿಂದಿನ ಹುಡುಗ

ಕ್ಯಾಸಿಮಿರ್ ವ್ರೋನಾ ಮೂರು ವರ್ಷ ರಾಯ್ಸ್ ಲ್ಯಾಂಡ್ರಮ್‌ನ ಕಾವಲಿಗಿದ್ದ. ಕಾಯುವಾಗ ಒಮ್ಮೆಯೂ ಅವನ ಮುಖ ನೋಡಿದವನಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಅಮೆರಿಕದ ಫುಟ್‌ಬಾಲಿನಲ್ಲಿ ಗಾರ್ಡ್ ಆದವನ ಹಣೆಬರಹವೇ ಅದು. ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್ ಹಿಂದೆ ನಿಂತಿರುತ್ತಾನೆ. ಗಾರ್ಡು ಅವನಿಗೆ ಬೆನ್ನು ಕೊಟ್ಟು ಎದುರಿನಿಂದ ನುಗ್ಗುವ ಕೋಣಗಳನ್ನು ತಡೆಯಬೇಕು. ಹಿಂದಿನ ಹುಡುಗ ನಿಂತಿದ್ದಾನೋ ಬಿದ್ದನೋ ಎಂಬುದು ಜನರ ಕೂಗಿನಿಂದಲೇ ಗೊತ್ತಾಗಬೇಕು. ಬಿದ್ದನೆಂದು ತಿಳಿದರೆ ಕ್ಯಾಸ್ ತಿರುಗಿ ಬಂದು, ಬಲಗೈ ಚಾಚಿ, "ಏಳಪ್ಪ ದೊರೆ, ನೆಲ ತಂಪಾಗಿದೆ ಅಂತ ಮಲಗಿಬಿಡಬೇಡ" ಎಂದು ಎತ್ತಿ ನಿಲ್ಲಿಸುತ್ತಿದ್ದ.

ಆ ಕೈಯ ಕಿರುಬೆರಳು ಎಂದೋ ಮುರಿದು, ಹೇಗೋ ಕೂಡಿಕೊಂಡು, ಮಡಿಸಲು ಬಾರದೆ ಪಕ್ಕಕ್ಕೆ ಚಾಚಿ ನಿಂತಿತ್ತು. ಏಳುವಾಗಲೆಲ್ಲ ಅದು ರಾಯ್ಸ್‌ನ ಮಣಿಕಟ್ಟಿಗೆ ಒತ್ತುತ್ತಿತ್ತು. "ತಾತ, ಈ ಗೂಟ ಇರೋವರೆಗೂ ನಂಗೆ ಭಯ ಇಲ್ಲ" ಎಂದು ಅವನು ನಗುತ್ತಿದ್ದ. ಮೂವತ್ತನಾಲ್ಕು ವಯಸ್ಸಿನ ಕ್ಯಾಸ್ ತಂಡಕ್ಕೆಲ್ಲ ತಾತ.

ಆ ವರ್ಷ, ಎಪ್ಪತ್ತನಾಲ್ಕರ ಡಿಸೆಂಬರಿನಲ್ಲಿ, ಟೋಲಿಡೊ ತಂಡದ ಕೊನೆಯ ಪಂದ್ಯ ಈರಿಯವರ ಮೇಲೆ ಬಿತ್ತು. ಗೆದ್ದವರು ಮುಂದಿನ ಸುತ್ತಿಗೆ, ಸೋತವರು ಮನೆಗೆ. ಟೋಲಿಡೊದವರೂ ಈರಿಯವರೂ ಒಂದೇ ಸರೋವರದ ನೀರು ಕುಡಿಯುವ ಜನ, ಒಂದೇ ಬಗೆಯ ಕಾರ್ಖಾನೆಗಳಲ್ಲಿ ಬೆವರು ಸುರಿಸುವವರು. ಅದಕ್ಕೇ ಇರಬೇಕು, ಹಾವು ಮುಂಗುಸಿಯೇ ವಾಸಿ. ಟೋಲಿಡೊದ ತಾಯಂದಿರು ಮಕ್ಕಳಿಗೆ ದೇವರ ಪ್ರಾರ್ಥನೆ ಕಲಿಸುವ ಮೊದಲು ಈರಿಯವರನ್ನು ಬೈಯುವುದನ್ನು ಕಲಿಸುತ್ತಿದ್ದರು. ಹನ್ನೆರಡು ವರ್ಷ ಆಡಿದ್ದರೂ ಕ್ಯಾಸ್ ಒಂದು ಸಲವೂ ಮುಂದಿನ ಸುತ್ತು ಕಂಡವನಲ್ಲ. ಮುಂದಿನ ವರ್ಷ ನಿನಗೆ ಜಾಗವಿಲ್ಲ ಎಂದು ಕೋಚ್ ಡೆವ್ಲಿನ್ ಆಗಲೇ ಹೇಳಿಯಾಗಿತ್ತು. ಇದು ಹೋದರೆ ಎಲ್ಲವೂ ಹೋದಂತೆ.

ಈರಿಯ ಸಾಲಿನಲ್ಲಿ ಕ್ಯಾಸ್‌ಗೆ ಎದುರಾಗಿ ನಿಲ್ಲುವವನು ಓಥಾ ಪೆಟ್ವೇ. ಅಲಬಾಮಾದ ಆಳು, ಬೆಟ್ಟದಂಥ ಮೈ, ಮೂಗಿನ ತುದಿಯಲ್ಲೇ ಕೋಪ. ಎಡಗಾಲಿನ ಗಿಣ್ಣು ಉಳುಕಿದ್ದರಿಂದ ಬೂಟಿನ ಮೇಲಿಂದಲೇ ಬಿಳಿ ಅಂಟುಪಟ್ಟಿ ಬಿಗಿದು ಸುತ್ತಿಸಿಕೊಂಡು ಬಂದಿದ್ದ. ಕೋಚ್ ಹೇಳಿದ್ದು ಇಷ್ಟೇ: ರೆಫರಿಯ ಕಣ್ಣಿಗೆ ಮೊದಲನೇ ಏಟು ಬೀಳುವುದಿಲ್ಲ, ಎರಡನೆಯದು ಬೀಳುತ್ತದೆ. ಮೊದಲನೆಯದು ನಿನ್ನದಾಗಿರಲಿ.

ಇದನ್ನು ಕ್ಯಾಸ್‌ಗೆ ಹೇಳಿಕೊಡುವುದು ಮೀನಿಗೆ ಈಜು ಕಲಿಸಿದಂತೆ. ಹೆಲ್ಮೆಟ್ಟಿನ ಸರಳುಗಳೊಳಗೆ ಹೆಬ್ಬೆರಳು ತೂರಿಸುವುದು, ಕಂಕುಳ ಕೆಳಗಿನ ಮೆತ್ತನೆ ಚರ್ಮ ತಿರುಚುವುದು, ಬಿದ್ದವನ ಬೆರಳ ಮೇಲೆ ಕಾಲಿಟ್ಟು ಭಾರ ಬಿಡುವುದು, ಎಲ್ಲವನ್ನೂ ಅವನು ಮಗ್ಗದವನು ಲಾಳಿ ಎಸೆದಷ್ಟು ಸಲೀಸಾಗಿ ಮಾಡುತ್ತಿದ್ದ. ಮೇಲಿಂದ ಮಾತು ಬೇರೆ. "ಕಾಲಿಗೆ ಸುತ್ಕೊಂಡಿರೋದು ಏನೋ ಓಥಾ, ನಿಮ್ಮಮ್ಮನ ಲಂಗಾನಾ?" ಎಂದು ಕೇಳಿ, ಚೆಂಡು ಹೊರಟ ಕ್ಷಣವೇ ಆ ಪಟ್ಟಿಯ ಮೇಲೆ ಬೂಟಿನ ಮೊಳೆಯಿಟ್ಟು ಒದ್ದ. ಪೆಟ್ವೇ ಸಹಿಸಿದ, ಸಹಿಸಿದ, ಆಟದ ನಾಲ್ಕು ಭಾಗಗಳಲ್ಲಿ ಎರಡನೆಯದರ ಹೊತ್ತಿಗೆ ತಡೆಯಲಾರದೆ ಮುಷ್ಟಿ ಬೀಸಿದ. ಹಾರಿತು ರೆಫರಿಯ ಹಳದಿ ಬಟ್ಟೆ. ಈರಿಗೆ ದಂಡ, ಟೋಲಿಡೊದ ಚೆಂಡು ಹದಿನೈದು ಗಜ ಮುಂದಕ್ಕೆ. ಇನ್ನೊಂದು ಸಲ ಹೀಗಾದರೆ ಮೈದಾನದ ಹೊರಗೆ ಎಂದು ರೆಫರಿ ಅವನಿಗೆ ಬೆರಳು ತೋರಿಸಿದ. ಕ್ಯಾಸ್ ಪಾಪದ ಮುಖ ಮಾಡಿಕೊಂಡು ದವಡೆ ಸವರಿಕೊಂಡ.

ಅದೇ ಹೊತ್ತಿನಲ್ಲಿ ಅವನು ಇನ್ನೂ ಒಂದು ಕಾಲು ತುಳಿದಿದ್ದ, ಅದು ಅವನಿಗೆ ಗೊತ್ತಾಗಲಿಲ್ಲ. ಪೆಟ್ವೇಯ ನೂಕಿಗೆ ಹಿಂದೆ ಸರಿಯುವಾಗ ಅವನ ಬೂಟು ರಾಯ್ಸ್‌ನ ಎಡಗಾಲಿನ ಮೇಲೆ ಬಿತ್ತು. ಬೆನ್ನಿಗೆ ಕಣ್ಣಿಲ್ಲವಲ್ಲ. ರಾಯ್ಸ್ ತುಟಿ ಕಚ್ಚಿಕೊಂಡು ಆ ಭಾಗದ ಆಟ ಮುಗಿಸಿದ. ವಿರಾಮದಲ್ಲಿ ಒಳಗಿನ ಕೋಣೆಗೆ ಹೋಗಿ, ತಂಡದ ವೈದ್ಯ ಬ್ರಾಡಿಯ ಕೈಯಲ್ಲಿ ಬೂಟಿನ ಮೇಲಿಂದಲೇ ಬಿಳಿ ಪಟ್ಟಿ ಬಿಗಿಸಿಕೊಂಡು ಹೊರಬಂದ.

ಹೊರಗೆ ಹಿಮ ಕರಗಿ ಕೆಸರಾಗಿತ್ತು. ಎರಡು ಸಲ ಚೆಂಡು ಹೊರಡುವುದರಲ್ಲಿ ಯಾರ ಪಟ್ಟಿ, ಯಾರ ಬೂಟು, ಯಾರ ಅಂಗಿ ಎಂಬ ಗುರುತೇ ಉಳಿಯಲಿಲ್ಲ.

ಕೊನೆಯ ನಿಮಿಷ. ಟೋಲಿಡೊ ಎರಡೇ ಅಂಕ ಹಿಂದೆ, ಚೆಂಡು ಅವರ ಕೈಯಲ್ಲಿ. ಇನ್ನೊಂದಿಷ್ಟು ಗಜ ದಕ್ಕಿದರೆ ಕಂಬಗಳ ನಡುವೆ ಒದ್ದು ಮೂರು ಅಂಕ, ಗೆಲುವು. ರಾಯ್ಸ್ ಚೆಂಡು ಹಿಡಿದು ಹಿಂದೆ ಸರಿದ. ಕ್ಯಾಸ್ ಪೆಟ್ವೇಯ ಅಂಗಿಗೆ ಕೈ ಹಾಕಿದ, ಅದು ಕೆಸರಿಗೆ ಜಾರಿತು. ಪೆಟ್ವೇ ಅವನನ್ನು ಬಾಗಿಲಂತೆ ಪಕ್ಕಕ್ಕೆ ತಳ್ಳಿ ಒಳನುಗ್ಗಿದ. ಬೆನ್ನ ಹಿಂದೆ ಮೈಗೆ ಮೈ ಬಡಿದ ಸದ್ದು. ಆಮೇಲೆ ಇಡೀ ಮೈದಾನವೇ ಒಮ್ಮೆಲೇ ಉಸಿರೆಳೆದುಕೊಂಡ ಸದ್ದು.

ಚೆಂಡು ನೆಲಕ್ಕೆ ಬಿದ್ದಿತ್ತು. ಕ್ಯಾಸ್ ತಿರುಗುವಷ್ಟರಲ್ಲಿ ಅದರ ಮೇಲೆ ಎಂಟು ಹತ್ತು ಜನ ರಾಶಿ ಬಿದ್ದಾಗಿತ್ತು. ಅವನೂ ತಲೆ ತಗ್ಗಿಸಿ ಅಡಿಗೆ ನುಗ್ಗಿದ.

ರಾಶಿಯ ಅಡಿಯಲ್ಲಿ ರೆಫರಿಯಿಲ್ಲ, ದೇವರಿಲ್ಲ. ಕಣ್ಣು ಚುಚ್ಚುತ್ತಾರೆ, ಕಚ್ಚುತ್ತಾರೆ, ಹೇಳಬಾರದ ಕಡೆ ಹಿಂಡುತ್ತಾರೆ. ಮೇಲಿನವರು ಎದ್ದಾಗ ಚೆಂಡು ಯಾರ ಬಳಿ ಇರುತ್ತದೋ ಅದು ಅವರದು. ಬಾಯಿ ತುಂಬ ಕೆಸರು, ಕತ್ತಲು. ಕ್ಯಾಸ್‌ನ ಎಡಗೈಗೆ ಚೆಂಡಿನ ತುದಿ ತಾಗಿತು. ಯಾರೋ ಅದನ್ನು ಹೊಟ್ಟೆಗೆ ಅವುಚಿಕೊಂಡು ಮುದುಡಿ ಬಿದ್ದಿದ್ದ. ಬಲಗೈಗೆ ಅದೇ ಮೈಯ ಕಾಲು ಸಿಕ್ಕಿತು. ಬೂಟಿನ ಮೇಲೆ ಅಂಟುಪಟ್ಟಿ. ಎಡಗಾಲು.

ಸಿಕ್ಕಿದೆಯಲ್ಲ ಮಗನೇ, ಎಂದುಕೊಂಡ ಕ್ಯಾಸ್. ಅವನಿಗಾದದ್ದು ಸಂತೋಷವೇ, ಬೇರೇನೂ ಅಲ್ಲ. ಬಲಗೈಯಿಂದ ಮೀನಖಂಡ ಬಿಗಿಹಿಡಿದು, ಪಾದವನ್ನು ಎದೆಗೊತ್ತಿ ತಿರುಚಿದ. ಚೆಂಡು ಬಿಡಲಿಲ್ಲ. ಮೈಯ ಭಾರವನ್ನೆಲ್ಲ ಹಾಕಿ ಇನ್ನೊಂದು ಸುತ್ತು ತಿರುಚಿದ. ಒದ್ದೆ ಕೊಂಬೆ ಮುರಿದಂತೆ ಕೈಗೆ ತಿಳಿಯಿತು. ಚೆಂಡು ಆಗಲೂ ಬಿಡಲಿಲ್ಲ. ಆಮೇಲೆ ಕೇಳಿದ ಚೀರು ಪೆಟ್ವೇಯ ದನಿಯಲ್ಲಿ ಇರಲಿಲ್ಲ.

ರೆಫರಿಗಳು ಒಬ್ಬೊಬ್ಬರನ್ನೇ ಎಳೆದು ರಾಶಿ ಬಿಡಿಸಿದರು. ಅಡಿಯಲ್ಲಿ ರಾಯ್ಸ್, ತಾನೇ ಕೆಡವಿದ ಚೆಂಡನ್ನು ತಾನೇ ಅವುಚಿಕೊಂಡು. ಅವನ ಎಡಪಾದ ಹಿಂದುಮುಂದಾಗಿ ತಿರುಗಿತ್ತು. ಅವನ ಕಾಲುಗಳ ಮೇಲೆ ಅಡ್ಡಬಿದ್ದು ಕೊನೆಗೆ ಎದ್ದವನು ಪೆಟ್ವೇ. ರೆಫರಿ ಪಾದ ನೋಡಿದ, ಪೆಟ್ವೇಯನ್ನು ನೋಡಿದ, ಬಟ್ಟೆ ಎಸೆದ. ಪೆಟ್ವೇ ನಾನಲ್ಲ ಸ್ವಾಮಿ ಎಂದು ರೆಫರಿಯ ತೋಳು ಹಿಡಿದ. ಅಷ್ಟೇ ಸಾಕಾಯಿತು, ಹದಿನೈದು ಗಜ ದಂಡ, ಮೈದಾನದಿಂದ ಹೊರಗೆ.

ಹೋಗುವಾಗ ಪೆಟ್ವೇ ಕ್ಯಾಸ್‌ನ ಎದುರು ನಿಂತ. ಬಯ್ಯಲಿಲ್ಲ.

"ತಿಂದೋನು ನೀನು, ಒರೆಸಿದ್ದು ನನ್ನ ಬಾಯಿಗೆ. ಇರಲಿ. ಆದರೆ ಅವನು ನಿಮ್ಮ ಹುಡುಗ ಅಲ್ವೇನೋ?"

ಎಂಬತ್ತು ಸಾವಿರ ಜನ ಪೆಟ್ವೇಯ ಮೇಲೆ ಬಿಯರು, ಹಿಮದುಂಡೆ, ಸಾಸೇಜಿನ ತುಂಡು ಎಸೆದು ಉಗಿದರು. ದಂಡದ ಗಜಗಳು ಸೇರಿ ಕಂಬ ಹತ್ತಿರವಾಯಿತು. ಒದ್ದರು, ಗೆದ್ದರು. ಕ್ಯಾಸ್‌ನನ್ನು ಹೆಗಲ ಮೇಲೆ ಹೊತ್ತು ಕುಣಿದರು.

ಸ್ನಾನದ ಕೋಣೆಯ ಹೊರಗೆ ಬ್ರಾಡಿ ಸಿಗರೇಟು ಹಚ್ಚಿಕೊಂಡು ಕೂತಿದ್ದ. ಗಿಣ್ಣು ಪುಡಿಯಾಗಿದೆ, ಹುಡುಗ ನಡೆದರೆ ದೊಡ್ಡದು, ಓಡುವುದು ಈ ಜನ್ಮಕ್ಕಿಲ್ಲ ಎಂದ. ಆ ಕಾಲಿಗೆ ಪಟ್ಟಿ ಯಾಕೆ ಎಂದು ಕ್ಯಾಸ್ ಕೇಳಿದ.

"ನೀನು ತುಳಿದೆಯಲ್ಲಪ್ಪ. ತಾತಂಗೆ ಹೇಳಬೇಡಿ, ಬೇಜಾರು ಮಾಡ್ಕೋತಾನೆ ಅಂತ ನನ್ನ ಬಾಯಿ ಮುಚ್ಚಿಸಿದ" ಎಂದ ಬ್ರಾಡಿ.

ಗೆದ್ದ ಚೆಂಡನ್ನು ಒಬ್ಬ ಆಟಗಾರನಿಗೆ ಕೊಡುವುದು ಅವರಲ್ಲಿ ವಾಡಿಕೆ. ಎಲ್ಲರೂ ಸೇರಿ ಅದನ್ನು ರಾಯ್ಸ್‌ಗೆಂದು ತೀರ್ಮಾನಿಸಿ, ತಲುಪಿಸುವ ಕೆಲಸವನ್ನು ಕ್ಯಾಸ್‌ಗೆ ವಹಿಸಿದರು. ಇನ್ಯಾರು ಹೋಗಬೇಕು, ಕಾವಲುಗಾರ ನೀನೇ ತಾನೇ ಎಂದರು. ಬೇಲಿಗೇ ಹೊಲದ ಯೋಗಕ್ಷೇಮ ವಿಚಾರಿಸಲು ಹೇಳಿದ ಹಾಗಾಯಿತು.

ಆಸ್ಪತ್ರೆಯಲ್ಲಿ ರಾಯ್ಸ್‌ನ ಮುಖ ಗೋಡೆಯಷ್ಟೇ ಬಿಳಿಚಿಕೊಂಡಿತ್ತು. ಕ್ಯಾಸ್‌ನನ್ನು ಕಂಡು ನಕ್ಕ. ಕಾಲಿನ ಮಾತು ಆಗಲೇ ತಿಳಿದಿತ್ತು. ಗೆದ್ದೆವಂತಲ್ಲ ತಾತ, ನೀನು ಕೊನೆಗೂ ಮುಂದಿನ ಸುತ್ತು ನೋಡುತ್ತೀಯಲ್ಲ ಎಂದ. ಕ್ಯಾಸ್ ಮಂಚದ ಹತ್ತಿರ ಹೋದ. ಹೇಳಿಬಿಡಬೇಕೆಂದು ಬಾಯಿ ತೆರೆದ. ಹೊರಬಂದದ್ದು ಬೇರೆಯೇ ಮಾತು.

"ಆ ಪೆಟ್ವೇನ ನಾನು ಬಿಡಲ್ಲ ಮರಿ."

ನರ್ಸು ದಿಂಬು ಸರಿಮಾಡಬೇಕು, ಇವರನ್ನು ಸ್ವಲ್ಪ ಎತ್ತಿ ಕೂರಿಸಿ ಎಂದಳು. ಕ್ಯಾಸ್ ಎಡಗೈ ಚಾಚಿದ. ಬಲಗೈಯನ್ನು ಬೆರಳು ಕಾಣದಂತೆ ಚೆಂಡಿನ ಅಡಿಗೆ ಸೇರಿಸಿಕೊಂಡಿದ್ದ.

ರಾಯ್ಸ್ ಆ ಎಡಗೈಯನ್ನು ನೋಡಿದ. ಮೂರು ವರ್ಷದಲ್ಲಿ ಅವನು ಕಾಣದ ಕೈ ಅದು. ನೋಡುತ್ತ ನೋಡುತ್ತ ಅವನ ಮುಖದ ನಗು ಹೋಯಿತು.

"ಆ ಕೈ ಕೊಡು ತಾತ."

"ಚೆಂಡಿದೆ ಮರಿ."

"ಚೆಂಡು ಕೆಳಗಿಡು."

ಕ್ಯಾಸ್ ಚೆಂಡು ಕೆಳಗಿಟ್ಟು ಬಲಗೈ ಕೊಟ್ಟ. ಹುಡುಗ ಏಳಲಿಲ್ಲ. ಆ ಕೈಯನ್ನು ತನ್ನ ನೆಟ್ಟಗಿದ್ದ ಕಾಲಿನ ಮೀನಖಂಡಕ್ಕೆ ಒಯ್ದು, ಹಿಡಿಯುವಂತೆ ಮಾಡಿದ. ನಾಲ್ಕು ಬೆರಳು ಹಿಡಿದವು, ಐದನೆಯದು ಮಡಿಯದೆ ಮೂಳೆಗೆ ಚುಚ್ಚಿತು. ರಾಯ್ಸ್ ಕಣ್ಣು ಮುಚ್ಚಿದ.

"ಕತ್ತಲಲ್ಲಿ ಒಂದು ಬೆರಳು ಹೀಗೇ ಚುಚ್ತಾ ಇತ್ತು. ತಾತ ಬಂದ, ನನ್ನ ಹೊರಗೆ ಎಳೀತಾನೆ ಅಂದ್ಕೊಂಡೆ."

ಕ್ಯಾಸ್ ಮಂಡಿಯೂರಿ ಕುಸಿದ. ಪಟ್ಟಿ ಇತ್ತು, ಕಾಣಲಿಲ್ಲ, ಪೆಟ್ವೇ ಎಂದೇ ತಿಳಿದೆ ಎಂದು ಏನೇನೋ ತೊದಲಿದ. ಅಷ್ಟರಲ್ಲಿ ಬಾಗಿಲಿಗೆ ಪತ್ರಿಕೆಯವರು ಬಂದರು. ಒಳಗೆ ಬರಲಿ ಎಂದ ರಾಯ್ಸ್. ಯಾರು ಹೀಗೆ ಮಾಡಿದ್ದು ಎಂದು ಅವರು ಕೇಳಿದರು. ರಾಯ್ಸ್ ಕ್ಯಾಸ್‌ನ ಕೈ ಹಿಡಿದುಕೊಂಡೇ, ತಡವರಿಸದೆ, "ಪೆಟ್ವೇ" ಎಂದ. ಚಿತ್ರ ತೆಗೆಯುವವನು ಆ ಎರಡು ಕೈಗಳನ್ನೂ ಸೇರಿಸಿ ತೆಗೆದ. ಮಂಡಿಯೂರಿ ಅಳುವ ಕಾವಲುಗಾರ. ಊರೆಲ್ಲ ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಂಡಿತು. ಪೆಟ್ವೇಯನ್ನು ಈರಿಯವರೇ ತಂಡದಿಂದ ತೆಗೆದುಹಾಕಿದರು. ಅವನಿಗಾಗಿ ಮರುಗಿದವರು ಯಾರೂ ಇಲ್ಲ.

ಪತ್ರಿಕೆಯವರು ಹೋದ ಮೇಲೆ ರಾಯ್ಸ್ ಕೈ ಬಿಟ್ಟ.

"ನಿನ್ನ ಹೆಸರು ಹೇಳಿದ್ರೆ ನಾಲ್ಕು ಜನ ಉಗೀತಾರೆ, ನೀನು ಹಗುರ ಆಗ್ತೀಯ. ಆ ಸುಖ ನಿಂಗೆ ಕೊಡಲ್ಲ. ಹೋಗು, ಆಡು. ನನ್ನ ಜಾಗಕ್ಕೆ ಬರೋ ಹೊಸ ಹುಡುಗ ಬಿದ್ದರೆ ಮಾತ್ರ ಎತ್ತೋದಕ್ಕೆ ಹೋಗಬೇಡ."

ಮುಂದಿನ ಭಾನುವಾರ ಕ್ಯಾಸ್ ಹನ್ನೆರಡು ವರ್ಷ ಕಾದಿದ್ದ ಆ ಪಂದ್ಯ ಆಡಿದ. ಜನ ಅವನ ಹೆಸರು ಹಿಡಿದು ಕೂಗಿದರು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ ಮೈಗೆ ಮೈ ಬಡಿದ ಸದ್ದಾಯಿತು, ಮೈದಾನ ಉಸಿರೆಳೆದುಕೊಂಡಿತು. ಹೊಸ ಹುಡುಗ ನೆಲದಿಂದ "ತಾತ, ಕೈ ಕೊಡು" ಎಂದ.

ಕ್ಯಾಸ್ ತಿರುಗಲಿಲ್ಲ.