ಬಾವಿ ದಂಡೆಯ ಮೇಲೆ ವೈನಿ

ಗುಡ್ಡ ಹತ್ತುವುದನ್ನು ಮೊಬೈಲಿನಲ್ಲಿ ಕಲಿಸುತ್ತೇವೆ ಎಂದು ಶಿಬಿರದವರು ಹೇಳಿದಾಗ ನನಗೆ ಮೈಯೆಲ್ಲ ಉರಿದಿತ್ತು. ನಾನು ಎಂಟನೆಯ ತರಗತಿಗೇ ಶಾಲೆಗೆ ಶರಣು ಹೊಡೆದು ಹೊರಬಿದ್ದವನು. ಕೂತು ಕಲಿಯುವುದು ನನ್ನಿಂದಾಗದು ಎಂದೇ ನಿಡಗುಂದಿ ಕಡೆಯ ಸಾಹಸ ಶಿಬಿರಕ್ಕೆ ಸೇರಿದ್ದೆ. ಬಂಡೆ ಹತ್ತಿಸುವುದು, ಹಿನ್ನೀರಿನಲ್ಲಿ ದೋಣಿ ನಡೆಸುವುದು, ಕರೆದೊಯ್ದ ಅಷ್ಟೂ ಮಂದಿಯನ್ನು ವಾಪಸ್ ತರುವುದು, ಇದು ಅಲ್ಲಿಯ ವಿದ್ಯೆ. ಅರ್ಧ ಕಲಿಯುವಷ್ಟರಲ್ಲಿ ಕೊರೊನಾ ಬಂತು, ಶಿಬಿರಕ್ಕೆ ಬೀಗ ಬಿತ್ತು, ನಾನು ಗೊಳಸಂಗಿಯ ಮನೆಗೆ ಬಂದು ಬಿದ್ದೆ, ಉಳಿದ ಪಾಠ ಮೊಬೈಲಿಗೆ ಬಂತು. ಜೊತೆಗಿದ್ದ ಡಿಗ್ರಿ ಹುಡುಗರು ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ತೋರಿಸಿ ನಾಯಕತ್ವದ ಬಗ್ಗೆ ಮಾತಾಡುತ್ತಿದ್ದರು. ನಾನು ಈ ಕಡೆ ಕೂತು ಹಲ್ಲು ಕಡಿಯುತ್ತಿದ್ದೆ.

ಕೊನೆಗೆ ನಮ್ಮ ತರಬೇತುದಾರರಾದ ಇಸ್ಮಾಯಿಲ ಸರ್ ನನಗೆ ಬೇಕಾದಂಥ ಪರೀಕ್ಷೆ ಇಟ್ಟರು. ಮನೆಯವರನ್ನೇ ತಂಡ ಮಾಡಿಕೊಂಡು ಹಗ್ಗದಿಂದ ಒಂದು ಭಾರ ಎತ್ತಿಸಬೇಕು. ಅವರು ಫೋನಿನಲ್ಲಿ ನೋಡುತ್ತಿರುತ್ತಾರೆ. ನಾಯಕನಾದವನು ಹಗ್ಗ ಮುಟ್ಟುವಂತಿಲ್ಲ. ಅಪಾಯ ಕಂಡರೆ ತಂಡದ ಯಾರು ಬೇಕಾದರೂ ‘ನಿಲ್ಲಿ’ ಎನ್ನಬಹುದು. ಅಂದ ಕೂಡಲೇ ಎಲ್ಲರೂ ನಿಲ್ಲಬೇಕು. ಪಾಸಾದರೆ ಶಿಬಿರ ತೆರೆದಾಗ ಅಲ್ಲೇ ಕೆಲಸ. ಇಲ್ಲದಿದ್ದರೆ ಇಲ್ಲ.

ಭಾರ ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಹೊಲದ ಬಾವಿಯೊಳಗೆ ಮೋಟರ್ ಸುಟ್ಟು ಕೂತಿತ್ತು. ಅದನ್ನು ಎತ್ತುವ ಮಂದಿ ಲಾಕ್‌ಡೌನ್ ಎಂದು ಬರುತ್ತಿರಲಿಲ್ಲ. ಅಪ್ಪ ರೇವಪ್ಪ, ಅವ್ವ ಗುರವ್ವ, ಅಣ್ಣ ಅಮಿತ, ಈ ಮೂವರು ಹಗ್ಗ ಜಗ್ಗುವುದು; ಅಣ್ಣನ ಹೆಂಡತಿ ಐಶ್ವರ್ಯ ವೈನಿ ದಂಡೆಯ ಮೇಲೆ ನಿಂತು ಬಾವಿಯೊಳಗೆ ನೋಡುವುದು ಎಂದು ಗೊತ್ತುಮಾಡಿದೆ. ನಮ್ಮೆಲ್ಲರಿಗಿಂತ ವೈನಿಯ ಕಣ್ಣು ಚುರುಕು.

ಮೊದಲು ನೀರು ತುಂಬಿದ ಕೊಡದಿಂದ ತಾಲೀಮು. ವೈನಿಯ ನಡುವಿಗೆ ಹಗ್ಗ ಕಟ್ಟಿ ಇನ್ನೊಂದು ತುದಿಯನ್ನು ಬೇವಿನ ಮರಕ್ಕೆ ಬಿಗಿದೆ.

“ಮನೀ ಸೊಸೀನ ಆಕಳ ಮಾಡಿ ಕಟ್ಟಿದೆಲ್ಲೋ ಸಿದ್ಯಾ,” ಎಂದ ಅಪ್ಪ.

“ಬಾವ್ಯಾಗ ಬಿದ್ರ ನೀ ಜಿಗೀತಿ ಏನಪಾ? ಸುಮ್ಮ ಹಗ್ಗ ಹಿಡಿ.”

ಕೊಡ ಅರ್ಧ ಬಾವಿ ಏರಿತ್ತು. ವೈನಿ ಸೆರಗು ಸರಿಮಾಡಿಕೊಂಡು ಅವ್ವನ ಕಡೆ ತಿರುಗಿದರು.

“ಅತ್ತಿ, ಕೊಡ ಕಲ್ಲಿಗೆ ಬಡೀತೈತಿ. ಮಾವಾರಿಗೆ ನಿಂದರ್ರಿ ಅನ್ರಿ.”

“ಏನಂದಿ?” ಎಂದಳು ಅವ್ವ.

“ನಿಂದರ್ರಿ ಅನ್ರಿ.”

“ಏನ್ರಿ, ನಿಂದರಬೇಕಂತ ನೋಡ್ರಿ…” ಎಂದು ಅವ್ವ ಅಪ್ಪನಿಗೆ ಸುದ್ದಿ ಮುಟ್ಟಿಸುವಷ್ಟರಲ್ಲಿ ಕೊಡ ಕಲ್ಲಿಗೆ ಬಡಿದು ನೆಗ್ಗಿತು.

ಮಾವನ ಮುಂದೆ ಸೊಸೆ ದನಿ ತೆಗೆಯಬಾರದು ಎಂಬುದು ನಮ್ಮ ಮನೆಯ ರೂಢಿ. ಮದುವೆಯಾಗಿ ಎರಡು ವರ್ಷವಾದರೂ ವೈನಿಯ ದನಿ ಹೇಗಿದೆಯೆಂದು ಅಪ್ಪನಿಗೆ ಸರಿಯಾಗಿ ಗೊತ್ತಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು.

“ಕೊಡದ ಬದ್ಲಿ ಮೋಟರ್ ಇದ್ದಿದ್ರ? ಹಗ್ಗ ಹರದು ಮೂರೂ ಮಂದಿ ಅಂಗಾತ ಬಿದ್ದಿರ್ತಿದ್ರಿ!”

“ಹಂಗಾರ ಅಮಿತನ್ನ ದಂಡಿಗೆ ನಿಂದ್ರಸು. ಆಕಿ ಹಗ್ಗ ಹಿಡೀಲಿ,” ಎಂದ ಅಪ್ಪ.

“ಹಗ್ಗ ಹಿಡದಾಗ ವೈನಿ ಕೈ ಜಾರಿದ್ರ? ಆವಾಗೂ ಅವ್ವನ ಕಿವ್ಯಾಗ ಹೇಳಬೇಕೇನು ಅವ್ರು?”

ಅಪ್ಪ ನೆಗ್ಗಿದ ಕೊಡವನ್ನು ತಿರುಗಿಸಿ ತಿರುಗಿಸಿ ನೋಡಿದ.

ಮರುದಿನ ಅಂಗಳದಲ್ಲಿ ಶಿಬಿರದ ಆಟವೊಂದನ್ನು ಹೂಡಿದೆ. ಅಪ್ಪ ಕಣ್ಣಿಗೆ ಟವೆಲ್ ಕಟ್ಟಿಕೊಂಡು ಬಾಗಿಲಿನಿಂದ ದನದ ಕೊಟ್ಟಿಗೆಯವರೆಗೆ ನಡೆಯಬೇಕು. ದಾರಿ ಹೇಳುವವರು ವೈನಿ. ಅವ್ವನನ್ನು ಬೇಕೆಂದೇ ಪಕ್ಕದ ಮನೆಗೆ ಅಟ್ಟಿದ್ದೆ. ಬಾಯಿ ಬಿಟ್ಟರೆ ನೋಡು ಎಂದು ಅಣ್ಣನಿಗೆ ಹೇಳಿದ್ದೆ.

“ನಾ ಹುಟ್ಟಿದ್ದ ಈ ಅಂಗಳದಾಗ. ನನಗ ದಾರಿ ಹೇಳಾವ್ರು ಎದಕ್ಕ ಬೇಕು?” ಎನ್ನುತ್ತಲೇ ಅಪ್ಪ ಬೀಸಾಗಿ ಹೊರಟ. ಆದರೆ ನಾನು ಹೊಲ ಹರಗುವ ಕುಂಟೆಯನ್ನು ನಡುದಾರಿಗೆ ಎಳೆದಿಟ್ಟಿದ್ದೆ.

ವೈನಿ ಅಡಿಗೆಮನೆಯ ಕಡೆ ನೋಡಿದರು. ಅವ್ವ ಇಲ್ಲ. ಅಣ್ಣನನ್ನು ನೋಡಿದರು. ಅವನು ತಲೆ ತಗ್ಗಿಸಿದ. ನನ್ನನ್ನು ನೋಡಿದರು. ನಾನು ಆಕಾಶ ನೋಡಿದೆ.

“ನಿಂದರ್ರಿ ಮಾವಾರ!”

ಕೊಟ್ಟಿಗೆಯ ಆಕಳು ಮೇವು ಬಿಟ್ಟು ತಲೆಯೆತ್ತಿತು. ಅಪ್ಪ ಎತ್ತಿದ ಕಾಲು ಎತ್ತಿಯೇ ನಿಂತ.

“ಎಡಕ್ಕ ಬರ್ರಿ. ಇನ್ನಷ್ಟ ಬರ್ರಿ. ಈಗ ಮುಂದ ನಡೀರಿ,” ಎಂದು ಒಂದೇ ಉಸಿರಿನಲ್ಲಿ ಹೇಳಿ ವೈನಿ ಒಳಗೆ ಓಡಿದರು.

ಟವೆಲ್ ಬಿಚ್ಚಿ ಕುಂಟೆ ನೋಡಿದ ಅಪ್ಪ ನನ್ನನ್ನು ಅಂಗಳದ ತುಂಬ ಅಟ್ಟಾಡಿಸಿದ. “ಖೋಡಿ, ನನ್ನ ಕಾಲ ಮುರಸಾಂವ ಇದ್ದೆಲ್ಲೋ!” ಆಮೇಲೆ ಒಳಗೆ ಕೇಳುವಂತೆ ಹೇಳಿದ: “ದನಿ ಚಲೋ ಐತಿ. ಹೊಲದ ಆ ತುದಿಗೂ ಕೇಳ್ತೈತಿ.”

ಪರೀಕ್ಷೆಯ ದಿನ ಫೋನನ್ನು ಬೇವಿನ ಕೊಂಬೆಗೆ ಕಟ್ಟಿದೆ. ಅದರೊಳಗೆ ಇಸ್ಮಾಯಿಲ ಸರ್ ಮುಖ. ವೈನಿ ದಂಡೆಗೆ, ಮೂವರು ಹಗ್ಗಕ್ಕೆ. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತೆ. ರಾಟೆ ಕಿರುಗುಟ್ಟಿತು, ಮೋಟರ್ ನೀರು ಸುರಿಸುತ್ತ ಮೇಲೆದ್ದಿತು. ಇನ್ನೊಂದು ಆಳೆತ್ತರ ಸಾಕು.

“ನಿಂದರ್ರಿ!” ಎಂದರು ವೈನಿ.

ಮೂವರೂ ಹಗ್ಗ ಬಿಗಿಹಿಡಿದು ನಿಂತುಬಿಟ್ಟರು. ನಾನಿದ್ದಲ್ಲಿಂದ ಏನೂ ಕಾಣುತ್ತಿರಲಿಲ್ಲ. ಸರ್ ನೋಡುತ್ತಿದ್ದಾರೆ, ಅವ್ವನ ತೋಳು ನಡುಗುತ್ತಿದೆ, ನನ್ನ ಕೆಲಸ ಬಾವಿಯೊಳಗೆ ತೂಗಾಡುತ್ತಿದೆ.

“ಯಾಕ ನಿಂತ್ರಿ? ಬಂತು, ಜಗ್ರಿ!” ಎಂದು ಒದರಿದೆ.

“ಆಕಿ ನಿಂದರ್ರಿ ಅಂದಾಳ,” ಎಂದ ಅಪ್ಪ. “ನೀ ಬಾಯಿ ಮುಚಗೊಂಡು ನಿಂದರು.”

ವೈನಿ ನನ್ನತ್ತ ತಿರುಗಿಯೂ ನೋಡಲಿಲ್ಲ. “ಕೇಬಲ್ ಕಲ್ಲಿಗೆ ಸಿಕ್ಕೊಂಡೈತ್ರಿ. ಒಂದ್ ಮೊಳ ಕೆಳಗ ಬಿಡ್ರಿ. ಸಾವಕಾಶ… ಬಿಟ್ಟತು. ಈಗ ಜಗ್ರಿ.”

ಮೋಟರ್ ಮೇಲೆ ಬಂತು. ಅಪ್ಪ, ಅವ್ವ ಹಗ್ಗ ಹಿಡಿದಿರಲು ಅಣ್ಣ ಅದನ್ನು ದಂಡೆಯ ಮೇಲೆ ಎಳೆದು ಕೂರಿಸಿದ.

“ಸಿದ್ದಾರೂಢ,” ಬೇವಿನ ಕೊಂಬೆಯಿಂದ ಸರ್ ದನಿ ಬಂತು. “ನಿನ್ನ ಮಂದಿ ನಿನ್ನ ಮಾತ ಕೇಳಲಿಲ್ಲಲ್ಲೋ?”

“ಕೇಳಬಾರ್ದು ಅಂತನ ಕಲಿಸೇನ್ರಿ ಸರ! ಯಾರರ ನಿಂದರ್ರಿ ಅಂದ ಮ್ಯಾಲ ನಾ ಜಗ್ರಿ ಅಂದ್ರೂ ಜಗ್ಗಬಾರ್ದು. ಜಗ್ಗಲಿಲ್ಲ. ಇನ್ನೇನ್ ಬೇಕ್ರಿ ನಿಮಗ?”

ಸರ್ ನಕ್ಕರು. “ಇಷ್ಟ ಸಿಟ್ಟಿನಾಂವನ್ನ ಪಾಸ್ ಮಾಡೂ ಪಾಳಿ ಬಂತಲ್ಲಪಾ ನನಗ. ಶಿಬಿರ ತಗದ ದಿನಾನ ಬಂದ ಬಿಡು.”

ನಾನು ಎದೆ ಸೆಟೆದು ಮನೆಯವರ ಕಡೆ ತಿರುಗಿದೆ. “ಆತು, ಹಗ್ಗ ಬಿಚ್ರಿ,” ಎಂದೆ.

ಯಾರೂ ಅಲುಗಲಿಲ್ಲ. ಮೂವರೂ ವೈನಿಯ ಮುಖ ನೋಡುತ್ತಿದ್ದರು. ವೈನಿ ಬಗ್ಗಿ ಮೋಟರನ್ನು ಎರಡೂ ಕೈಯಿಂದ ಅಲುಗಿಸಿ ನೋಡಿದರು. ಅದು ಗಟ್ಟಿಯಾಗಿ ಕೂತಿತ್ತು.

“ಈಗ ಬಿಚ್ರಿ, ಮಾವಾರ,” ಎಂದರು.